ತಂಗಡಿ: ಎಲ್ಲರೂ ಕಂಡ, ಯಾರೂ ನೋಡದ ಗಿಡ

ಶ್ರೀನಿವಾಸಪುರದಿಂದ ಚಿಂತಾಮಣಿಯ ಕಡೆಗಾಗಲಿ ಮುಳಬಾಗಿಲಿನ ಕಡೆಗಾಗಲಿ ಹೊರಟರೆ ರಸ್ತೆಯ ಇಕ್ಕೆಲಗಳಲ್ಲಿ ಕಾಣುವುದು ಮಾವಿನ ತೋಪುಗಳು. ತೋಪು ಮುಗಿದಲ್ಲಿ ಟೊಮೇಟೊ, ರಾಗಿ, ಅಲ್ಲಲ್ಲಿ ನೀಲಗಿರಿ. ಇವೆಲ್ಲವೂ ಮನುಷ್ಯ ನೆಟ್ಟವು. ಇವುಗಳ ನಡುವೆ, ಹೊಲದ ಬದುಗಳ ಮೇಲೆ, ಗೋಮಾಳದ ಕಲ್ಲುನೆಲದಲ್ಲಿ, ಕೆರೆ ಏರಿಯ ಮಗ್ಗುಲಲ್ಲಿ ಯಾರೂ ನೆಡದ, ಯಾರೂ ನೀರೆರೆಯದ ಒಂದು ಪೊದೆಗಿಡ ಹಳದಿ ಹೂ ತುಂಬಿಕೊಂಡು ನಿಂತಿರುತ್ತದೆ. ಅದೇ ತಂಗಡಿ.

ಇದನ್ನು ಅಪರಿಚಿತ ಗಿಡ ಎಂದರೆ ಹಳ್ಳಿಯ ವಿದ್ಯಾರ್ಥಿಗಳು ನಕ್ಕಾರು. ದಿನವೂ ಶಾಲೆಗೆ ಬರುವ ದಾರಿಯಲ್ಲಿ ಅವರು ಅದನ್ನು ಕಾಣುತ್ತಾರೆ. ಆದರೆ ಆ ಹೂವಿನಲ್ಲಿ ಎಷ್ಟು ಕೇಸರಗಳಿವೆ, ಅದರಲ್ಲಿ ಮಕರಂದ ಉಂಟೆ, ಅದಕ್ಕೆ ಯಾವ ಕೀಟ ಬರುತ್ತದೆ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಪಠ್ಯಪುಸ್ತಕದ ದಾಸವಾಳವನ್ನು ಬಿಡಿಸಿ ನೋಡುವ ನಾವು ಬದುವಿನ ತಂಗಡಿಯನ್ನು ಬಿಡಿಸಿ ನೋಡುವುದಿಲ್ಲ. ನೋಡಿದರೆ ಅಲ್ಲಿ ದಾಸವಾಳಕ್ಕಿಂತ ಹೆಚ್ಚಿನ ವಿಜ್ಞಾನವಿದೆ.

ಹೆಸರು, ಗುರುತು

ಆಂಧ್ರದ ಗಡಿಗೆ ಹೊಂದಿಕೊಂಡ ಈ ತಾಲ್ಲೂಕಿನಲ್ಲಿ ಕನ್ನಡ ತೆಲುಗು ಎರಡೂ ಮನೆಮಾತುಗಳು. ತೆಲುಗಿನಲ್ಲಿ ಇದು ತಂಗೇಡು. ಕನ್ನಡದಲ್ಲಿ ತಂಗಡಿ ಎನ್ನುವುದಲ್ಲದೆ ಆವರಿಕೆ, ಹೊನ್ನಾವರಿಕೆ ಎಂಬ ಹೆಸರುಗಳೂ ಉಂಟು. ತಮಿಳಿನ ಆವಾರಂ, ಸಂಸ್ಕೃತದ ಆವರ್ತಕಿ ಇದೇ. ತೆಲಂಗಾಣ 2014ರಲ್ಲಿ ಇದನ್ನು ತನ್ನ ರಾಜ್ಯಪುಷ್ಪವೆಂದು ಘೋಷಿಸಿತು. ಅಲ್ಲಿನ ಬತುಕಮ್ಮ ಹಬ್ಬದ ಹೂಗೋಪುರಕ್ಕೆ ತಂಗೇಡು ಬೇಕೇ ಬೇಕು.

ಸಸ್ಯಶಾಸ್ತ್ರದ ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಕ್ಯಾಸಿಯ ಆರಿಕ್ಯುಲೇಟ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಅದು. ಕ್ಯಾಸಿಯ ಎಂಬ ದೊಡ್ಡ ಕುಲವನ್ನು 1982ರಲ್ಲಿ ಅರ್ವಿನ್ ಮತ್ತು ಬಾರ್ನಬಿ ಎಂಬ ವಿಜ್ಞಾನಿಗಳು ಕ್ಯಾಸಿಯ, ಸೆನ್ನ, ಕ್ಯಾಮಿಕ್ರಿಸ್ಟ ಎಂದು ಮೂರಾಗಿ ಒಡೆದರು. ಕಕ್ಕೆ ಮರ ಕ್ಯಾಸಿಯದಲ್ಲೇ ಉಳಿಯಿತು. ತಂಗಡಿ ಸೆನ್ನಕ್ಕೆ ಹೋಗಿ ಈಗ ಸೆನ್ನ ಆರಿಕ್ಯುಲೇಟ ಆಗಿದೆ. ರಾಕ್ಸ್‌ಬರ್ಗ್ ಬರೆದ ಭಾರತದ ಸಸ್ಯಗಳ ಗ್ರಂಥದಲ್ಲಿ 1832ರಷ್ಟು ಹಿಂದೆಯೇ ಈ ಹೆಸರು ಇತ್ತು ಎಂಬುದು ಸ್ವಾರಸ್ಯ. ಸೆನ್ನ ಕುಲದಲ್ಲಿ ಇದರ ನೆಂಟರು ಹಲವರು. ಮಳೆಗಾಲದಲ್ಲಿ ತಿಪ್ಪೆಯ ಬಳಿ ಹುಟ್ಟುವ ತಗಚೆ ಒಂದು. ಭೇದಿಗೆ ಕೊಡುವ ಸೋನಾಮುಖಿ, ಅಂದರೆ ನೆಲಾವರಿಕೆ, ಇನ್ನೊಂದು. ತಂಗಡಿ ತಗಚೆ ಎಂಬ ಹೆಸರುಗಳು ಕಿವಿಗೆ ಹತ್ತಿರವಾದುದರಿಂದ ಎರಡನ್ನೂ ಒಂದೇ ಎಂದುಕೊಳ್ಳುವವರುಂಟು. ತಗಚೆ ಮಳೆಗಾಲ ಮುಗಿಯುತ್ತಲೇ ಒಣಗುವ ಮೂಲಿಕೆ. ತಂಗಡಿ ಒಂದರಿಂದ ಮೂರು ಮೀಟರ್ ಎತ್ತರದ, ವರ್ಷಗಟ್ಟಲೆ ಬಾಳುವ ಪೊದೆ.

ಗುರುತು ಹಿಡಿಯಲು ಹೂ ಬೇಕಿಲ್ಲ. ಎಲೆಯ ಬುಡ ನೋಡಿ. ಎಂಟರಿಂದ ಹನ್ನೆರಡು ಜೊತೆ ಕಿರುಎಲೆಗಳಿರುವ ಸಂಯುಕ್ತ ಪರ್ಣದ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಎರಡು ದೊಡ್ಡ ಉಪಪತ್ರಗಳು ಕಿವಿಯ ಹಾಲೆಯಂತೆ ಅಗಲವಾಗಿ ಹರಡಿರುತ್ತವೆ. ‘ಆರಿಕ್ಯುಲೇಟ’ ಎಂದರೆ ಕಿವಿಯುಳ್ಳದ್ದು ಎಂದೇ ಅರ್ಥ. ಕಿರುಎಲೆಗಳ ಪ್ರತಿ ಜೊತೆಯ ನಡುವೆ ಒಂದು ಸಣ್ಣ ಗ್ರಂಥಿ ನಿಂತಿರುವುದೂ ಕೈಮಸೂರದಲ್ಲಿ ಚೆನ್ನಾಗಿ ಕಾಣುತ್ತದೆ. ಸೆನ್ನ ಕುಲದ ಹಲವು ಪ್ರಭೇದಗಳಲ್ಲಿ ಇಂಥ ಗ್ರಂಥಿಗಳು ಸಿಹಿರಸವನ್ನು ಒಸರಿ ಇರುವೆಗಳನ್ನು ಕರೆಯುತ್ತವೆ. ನಿಮ್ಮೂರಿನ ಗಿಡದಲ್ಲಿ ಇರುವೆ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಬಹುದು. ಕಾಯಿ ಚಪ್ಪಟೆ, ಕಾಗದದಂತೆ ತೆಳು, ಒಣಗಿದಾಗ ಗಾಳಿಗೆ ಸರಸರ ಸದ್ದು ಮಾಡುತ್ತದೆ.

ಜೇನಿಲ್ಲದ ಹೂ

ಮಳೆ ಬಿದ್ದ ಮೇಲೆ, ಅದರಲ್ಲೂ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ತಂಗಡಿ ಹೆಚ್ಚು ಹೂ ಬಿಡುತ್ತದೆ. ಹೂವಿನ ಅಗಲ ಸುಮಾರು ಐದು ಸೆಂಟಿಮೀಟರ್. ಐದು ಹಳದಿ ದಳಗಳು, ಹತ್ತು ಕೇಸರಗಳು. ಈ ಹತ್ತನ್ನು ಒಂದೊಂದಾಗಿ ಬಿಡಿಸಿ ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟರೆ ಮೊದಲ ಅಚ್ಚರಿ ಎದುರಾಗುತ್ತದೆ: ಎಲ್ಲವೂ ಒಂದೇ ಬಗೆಯವಲ್ಲ. ಮೇಲಿನ ಮೂರು ಕುಗ್ಗಿಹೋದ ಬಂಜೆ ಕೇಸರಗಳು. ಉಳಿದ ಏಳರಲ್ಲಿ ನಡುವಿನವು ಗಿಡ್ಡ. ಕೆಳಗಿನವು ಉದ್ದವಾಗಿ ಬೆಳೆದು ಕೊಕ್ಕಿನಂತೆ ಬಾಗಿರುತ್ತವೆ.

ಎರಡನೆಯ ಅಚ್ಚರಿ ಪರಾಗಕೋಶದಲ್ಲಿದೆ. ದಾಸವಾಳದಲ್ಲಿ, ದತ್ತೂರದಲ್ಲಿ ಪರಾಗಕೋಶ ಬಿರಿದು ಪುಡಿ ಹೊರಚೆಲ್ಲುತ್ತದೆ. ಬೆರಳು ತಾಗಿಸಿದರೆ ಹಳದಿಯಾಗುತ್ತದೆ. ತಂಗಡಿಯ ಪರಾಗಕೋಶ ಹಾಗೆ ಬಿರಿಯುವುದಿಲ್ಲ. ಅದು ಮುಚ್ಚಿದ ಕೊಳವೆ. ತುದಿಯಲ್ಲಿ ಮಾತ್ರ ಸಣ್ಣ ರಂಧ್ರ. ಉಪ್ಪಿನ ಡಬ್ಬಿಯಂತೆ ಎನ್ನಬಹುದು. ಬೋರಲು ಹಿಡಿದು ಅಲುಗಾಡಿಸದ ಹೊರತು ಒಳಗಿನದು ಹೊರಬಾರದು.

ಮೂರನೆಯದು: ಈ ಹೂವಿನಲ್ಲಿ ಮಕರಂದವೇ ಇಲ್ಲ. ಬಂದ ಕೀಟಕ್ಕೆ ಕೊಡಲು ಅದರ ಬಳಿ ಇರುವುದು ಪರಾಗವೊಂದೇ. ಆ ಪರಾಗವೂ ಡಬ್ಬಿಯೊಳಗೆ ಭದ್ರ.

ಹಾಗಾದರೆ ಅದನ್ನು ಹೊರತೆಗೆಯುವವರು ಯಾರು? ಬೆಳಗಿನ ಹೊತ್ತು ಹೂ ತುಂಬಿದ ಗಿಡದ ಬಳಿ ಹತ್ತು ನಿಮಿಷ ನಿಂತರೆ ಉತ್ತರ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ದಪ್ಪನೆಯ ಕಪ್ಪು ಬಡಗಿ ದುಂಬಿ ಹಾರಿ ಬರುತ್ತದೆ. ಹಾರುವಾಗ ಅದರ ಸದ್ದು ತಗ್ಗಿನ ಗುಂಯ್. ಹೂವಿನ ಮೇಲೆ ಕುಳಿತು ಕೇಸರಗಳನ್ನು ದವಡೆಯಿಂದ ಕಚ್ಚಿ ಹಿಡಿದು, ಮೈಯನ್ನು ಅವುಗಳ ಸುತ್ತ ಬಾಗಿಸುತ್ತಲೇ ಸದ್ದು ಥಟ್ಟನೆ ಏರುಶ್ರುತಿಗೆ ಹೋಗುತ್ತದೆ. ಅರೆ ಸೆಕೆಂಡು, ಒಂದು ಸೆಕೆಂಡು, ನಿಲ್ಲುತ್ತದೆ, ಮತ್ತೆ ಶುರು. ಆಗ ರೆಕ್ಕೆಗಳನ್ನು ನೋಡಿ. ಅವು ಬಡಿಯುತ್ತಿರುವುದಿಲ್ಲ, ಬೆನ್ನಿನ ಮೇಲೆ ಮಡಿಸಿರುತ್ತವೆ.

ರೆಕ್ಕೆ ಬಡಿಯದೆ ಸದ್ದು ಹೇಗೆ? ಜೇನಿನ ಜಾತಿಯ ಕೀಟಗಳಲ್ಲಿ ಹಾರಾಟದ ಸ್ನಾಯುಗಳು ನೇರವಾಗಿ ರೆಕ್ಕೆಗೆ ಅಂಟಿಲ್ಲ. ಅವು ಎದೆಯ ಪೆಟ್ಟಿಗೆಯನ್ನು ಒತ್ತಿ ಸಡಿಲಿಸುತ್ತವೆ. ಪೆಟ್ಟಿಗೆಯ ಆಕಾರ ಬದಲಾದಂತೆ ರೆಕ್ಕೆ ಮೇಲೆ ಕೆಳಗೆ ಆಡುತ್ತದೆ. ರೆಕ್ಕೆಯನ್ನು ಮಡಿಸಿಟ್ಟು ಅದೇ ಸ್ನಾಯುಗಳನ್ನು ಓಡಿಸಿದರೆ ಎದೆ ಮಾತ್ರ ನಡುಗುತ್ತದೆ. ನಿಂತ ಮೋಟಾರು ಬೈಕಿನ ಎಂಜಿನ್ನು ಗೇರಿಲ್ಲದೆ ಗುರ್ರೆನ್ನುವ ಹಾಗೆ. ರೆಕ್ಕೆಯ ಹೊರೆ ತಪ್ಪಿರುವುದರಿಂದ ನಡುಕದ ಆವೃತ್ತಿ ಹಾರಾಟದ ಆವೃತ್ತಿಗಿಂತ ಹೆಚ್ಚು. ಬೇರೆ ಬೇರೆ ಜೇನುಗಳಲ್ಲಿ ಇದು ಸ್ಥೂಲವಾಗಿ 100ರಿಂದ 400 ಹರ್ಟ್ಸ್ ಇರುತ್ತದೆ. ಈ ನಡುಕ ದವಡೆ ಕಾಲುಗಳ ಮೂಲಕ ಪರಾಗಕೋಶಕ್ಕೆ ಸಾಗುತ್ತದೆ. ಕೊಳವೆಯೊಳಗಿನ ಪರಾಗಕಣಗಳು ಗೋಡೆಗೂ ಒಂದಕ್ಕೊಂದಕ್ಕೂ ಬಡಿದು ವೇಗ ಗಳಿಸಿ ರಂಧ್ರದಿಂದ ಚಿಮ್ಮುತ್ತವೆ. ಹಾರಿ ಬರುವ ಕೀಟದ ಮೈಯಲ್ಲಿ ಸಾಮಾನ್ಯವಾಗಿ ಸ್ಥಿರವಿದ್ಯುತ್ತು ಇರುವುದರಿಂದ ಪುಡಿ ಅದರ ರೋಮಗಳಿಗೆ ಸುಲಭವಾಗಿ ಅಂಟುತ್ತದೆ. ಇದನ್ನು ಕಂಪನ ಪರಾಗಸ್ಪರ್ಶ ಎನ್ನಬಹುದು. ಪ್ರಪಂಚದಲ್ಲಿ 20 ಸಾವಿರಕ್ಕೂ ಹೆಚ್ಚು ಹೂಬಿಡುವ ಸಸ್ಯಗಳು ಇಂಥ ರಂಧ್ರದ ಪರಾಗಕೋಶಗಳನ್ನು ಹೊಂದಿವೆ.

ಈ ವಿದ್ಯೆ ಎಲ್ಲ ಜೇನುಗಳಿಗೂ ಬರುವುದಿಲ್ಲ. ನಮ್ಮ ತುಡುವೆ, ಹೆಜ್ಜೇನು, ಕೋಲುಜೇನು ಮೂರಕ್ಕೂ ಬರುವುದಿಲ್ಲ. ಅವು ತಂಗಡಿಗೆ ಬಂದರೂ ದುಂಬಿ ಚೆಲ್ಲಿ ಹೋದ ಪುಡಿಯನ್ನು ಆಯ್ದುಕೊಳ್ಳಬಹುದಷ್ಟೆ. ನಡುಗಿಸಬಲ್ಲವು ಬಡಗಿ ದುಂಬಿಗಳು, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಅಮೆಗಿಲ್ಲ ಎಂಬ ಚುರುಕು ಜೇನು, ಹಾಗೂ ಇನ್ನು ಕೆಲವು ಸಣ್ಣ ಜಾತಿಗಳು. ಇವು ಗೂಡು ಕಟ್ಟಿ ಸಂಸಾರ ಹೂಡುವ ಜೇನುಗಳಲ್ಲ, ಬಹುಪಾಲು ಒಂಟಿ ಬಾಳುವೆಯವು. ಪೆಟ್ಟಿಗೆಯಲ್ಲಿ ಸಾಕಿ ತಂದಿಡಲು ಬರುವುದಿಲ್ಲ. ಸುತ್ತಲಿನ ನೆಲದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಡಾರ್ವಿನ್ನರ ಕೊನೆಯ ಒಗಟು

ಒಂದೇ ಹೂವಿನಲ್ಲಿ ಎರಡು ಅಳತೆಯ ಕೇಸರಗಳು ಏಕೆ? ಚಾರ್ಲ್ಸ್ ಡಾರ್ವಿನ್ನರನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆಯಿದು. 1882ರ ಏಪ್ರಿಲ್‌ನಲ್ಲಿ, ತೀರಿಕೊಳ್ಳುವ ಕೆಲವೇ ದಿನ ಮೊದಲು, ಅವರು ಅಮೆರಿಕದ ಟಾಡ್ ಎಂಬುವರಿಗೆ ಪತ್ರ ಬರೆದು ಇಂಥ ಹೂ ಬಿಡುವ ಒಂದು ಬದನೆ ಜಾತಿಯ ಸಸ್ಯದ ಬೀಜ ಕಳಿಸುವಂತೆ ಕೇಳಿದ್ದರು. ಟಾಡ್ ಆಗತಾನೆ ಆ ಸಸ್ಯದ ಮತ್ತು ತಂಗಡಿಯ ದೂರದ ಬಂಧುವೊಂದರ ಹೂಗಳ ಬಗ್ಗೆ ಲೇಖನ ಬರೆದಿದ್ದರು.

ಬ್ರೆಜಿಲ್‌ನಲ್ಲಿ ನೆಲೆಸಿದ್ದ ಫ್ರಿಟ್ಸ್ ಮ್ಯುಲರ್ 1883ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಉತ್ತರ ಸೂಚಿಸಿದರು. ಗಿಡಕ್ಕೆ ಪೇಚು ಏನೆಂದರೆ, ಪರಾಗ ತನ್ನ ಸಂತಾನಕ್ಕೆ ಬೇಕು. ಜೇನಿಗೂ ಅದೇ ಆಹಾರ. ಜೇನು ಎಲ್ಲವನ್ನೂ ತಿಂದರೆ ಗಿಡಕ್ಕೆ ನಷ್ಟ. ಏನೂ ಕೊಡದಿದ್ದರೆ ಜೇನು ಬಾರದು. ಅದಕ್ಕೆ ಕೆಲಸ ಹಂಚಿಕೆ. ಎದುರಿಗೆ ಕಾಣುವ ಗಿಡ್ಡ ಕೇಸರಗಳು ಜೇನಿನ ಊಟಕ್ಕೆ. ಅದು ಅವನ್ನು ಹಿಡಿದು ನಡುಗಿಸುತ್ತಿರುವಾಗ ಉದ್ದನೆಯವು ಸದ್ದಿಲ್ಲದೆ ತಮ್ಮ ಪರಾಗವನ್ನು ಜೇನಿನ ಕಾಲಿಗೆ ಸುಲಭವಾಗಿ ಎಟುಕದ ಮೈಭಾಗಕ್ಕೆ ಸವರುತ್ತವೆ. ಆ ಪರಾಗ ಮುಂದಿನ ಹೂವಿನ ಶಲಾಕಾಗ್ರಕ್ಕೆ. ಮ್ಯುಲರರ ಊಹೆಗೆ ಪ್ರಯೋಗದ ಬಲ ದೊರೆಯಲು ಸುಮಾರು 125 ವರ್ಷ ಹಿಡಿಯಿತು. 2009ರಲ್ಲಿ, ಡಾರ್ವಿನ್ ಬೀಜ ಕೇಳಿದ್ದ ಅದೇ ಜಾತಿಯ ಗಿಡದ ಮೇಲೆ ದುಂಬಿಗಳನ್ನು ಬಿಟ್ಟು ನಡೆಸಿದ ಪ್ರಯೋಗಗಳು ಅದನ್ನು ಬೆಂಬಲಿಸಿದವು.

ತಂಗಡಿ ಹೂವಿನಲ್ಲಿ ಇನ್ನೊಂದು ಸಂಗತಿಯಿದೆ. ಶಲಾಕೆ ಹೂವಿನ ನಡುಗೆರೆಯಲ್ಲಿ ನೆಟ್ಟಗೆ ನಿಲ್ಲದೆ ಒಂದು ಪಕ್ಕಕ್ಕೆ ಬಾಗಿರುತ್ತದೆ. ಕೆಲವು ಹೂಗಳಲ್ಲಿ ಎಡಕ್ಕೆ, ಕೆಲವುಗಳಲ್ಲಿ ಬಲಕ್ಕೆ. ಒಂದೇ ಗಿಡದಲ್ಲಿ ಎಡಚ ಬಲಚ ಎರಡೂ ಬಗೆಯ ಹೂಗಳು. ಇಸ್ರೇಲಿನ ರಿವ್ಕಾ ಡಲ್ಬರ್ಗರ್ 1981ರಲ್ಲಿ ತಂಗಡಿ ಮತ್ತು ಅದರ ಆಫ್ರಿಕದ ಬಂಧುವೊಂದರ ಹೂವಿನ ಜೀವಶಾಸ್ತ್ರವನ್ನು ಕುರಿತು ಪ್ರಬಂಧ ಪ್ರಕಟಿಸಿದಾಗ ಈ ಎಡ-ಬಲ ಏರ್ಪಾಟಿನತ್ತ ಗಮನ ಹರಿಯಿತು. ಎಡಚ ಹೂವಿನಲ್ಲಿ ಜೇನಿನ ಒಂದು ಪಕ್ಕೆಗೆ ಅಂಟಿದ ಪರಾಗ ಬಲಚ ಹೂವಿನ ಶಲಾಕಾಗ್ರಕ್ಕೆ ಸರಿಯಾಗಿ ತಗಲುತ್ತದೆ, ಬಲಚದ್ದು ಎಡಚಕ್ಕೆ. ಹೀಗೆ ಹೂ ತನ್ನ ಪರಾಗವನ್ನೇ ತಾನು ಪಡೆಯುವ ಸಂಭವ ತಗ್ಗುತ್ತದೆ ಎಂಬುದು ವಿವರಣೆ. ಆದರೆ ಅದೇ ಗಿಡದ ಪಕ್ಕದ ಹೂವೇ ಇನ್ನೊಂದು ಬಗೆಯದಾಗಿದ್ದರೆ? ಲಾಭ ಎಷ್ಟರಮಟ್ಟಿಗೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇಲ್ಲಿ ಶಾಲೆಗಳಿಗೆ ಒಂದು ಸುಲಭದ ಕೆಲಸವುಂಟು. ಹತ್ತು ಗಿಡಗಳನ್ನು ಆರಿಸಿ, ಪ್ರತಿಯೊಂದರಲ್ಲೂ ಎಡಚ ಹೂ ಎಷ್ಟು, ಬಲಚ ಎಷ್ಟು ಎಂದು ಎಣಿಸುವುದು. ಹೂವಿನ ಎದುರಿಗೆ ನಿಂತು ನೋಡಿದಾಗಿನ ಎಡ ಬಲ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಅನುಪಾತ ಸರಿಸಮವೆ, ಒಂದೇ ಗೊಂಚಲಿನಲ್ಲಿ ಯಾವ ಕ್ರಮದಲ್ಲಿ ಬರುತ್ತವೆ ಎಂದು ಪಟ್ಟಿ ಮಾಡಿದರೆ ಒಳ್ಳೆಯ ಯೋಜನಾ ವರದಿಯಾಗುತ್ತದೆ. ಭೌತವಿಜ್ಞಾನದ ಕೊಠಡಿಯಲ್ಲಿ ದೂಳು ಹಿಡಿದಿರುವ ಶ್ರುತಿಕವೆಗೂ ಇಲ್ಲಿ ಉಪಯೋಗವಿದೆ. 256 ಹರ್ಟ್ಸ್‌ನ ಕವೆಯನ್ನು ರಬ್ಬರಿಗೆ ಬಡಿದು ಅದರ ತೋಳನ್ನು ಆಗತಾನೆ ಅರಳಿದ ಹೂವಿನ ಪರಾಗಕೋಶಗಳಿಗೆ ಮೆಲ್ಲನೆ ತಾಗಿಸಿ, ಕೆಳಗೆ ಕಪ್ಪು ಕಾಗದ ಹಿಡಿಯಿರಿ. ಬರಿ ಬೆರಳಲ್ಲಿ ತಟ್ಟಿದಾಗ ಬೀಳುವ ಪುಡಿಗೂ ಇದಕ್ಕೂ ಹೋಲಿಸಿ. 512ರ ಕವೆಯಿಂದಲೂ ಮಾಡಿ ನೋಡಬಹುದು. ಧ್ವನಿಯ ಪಾಠವೂ ಪರಾಗಸ್ಪರ್ಶದ ಪಾಠವೂ ಒಟ್ಟಿಗೆ ಬರುವ ಪ್ರಯೋಗಗಳು ಹೆಚ್ಚಿಲ್ಲ.

ಟೊಮೇಟೊ ಹೊಲಕ್ಕೂ ಬದುವಿಗೂ ಏನು ನಂಟು?

ಇದೇ ಶ್ರುತಿಕವೆಯನ್ನು ಪಕ್ಕದ ಹೊಲದ ಟೊಮೇಟೊ ಹೂವಿಗೆ ತಾಗಿಸಿದರೂ ಪುಡಿ ಉದುರುತ್ತದೆ. ಟೊಮೇಟೊ ಸೆನ್ನಕ್ಕೆ ನೆಂಟನಲ್ಲ; ಬದನೆ ಕುಟುಂಬದ್ದು. ಆದರೂ ಅದರ ಹಳದಿ ಕೇಸರಗಳು ಒಂದಕ್ಕೊಂದು ಅಂಟಿ ಶಂಕುವಿನಂತಾಗಿ, ಪರಾಗ ಒಳಗೆ ಸೆರೆಯಾಗಿರುತ್ತದೆ. ಮಕರಂದ ಅದರಲ್ಲೂ ಇಲ್ಲ. ಬದನೆ ಹೂವಿನಲ್ಲಿ ತುದಿರಂಧ್ರ ಬರಿಗಣ್ಣಿಗೇ ಕಾಣುತ್ತದೆ. ಸಂಬಂಧವಿಲ್ಲದ ಕುಟುಂಬಗಳು ಒಂದೇ ಬೀಗವನ್ನು ಬೇರೆ ಬೇರೆಯಾಗಿ ರೂಪಿಸಿಕೊಂಡಿವೆ. ಬೀಗದ ಕೈ ಮಾತ್ರ ಅದೇ ಜೇನುಗಳ ಬಳಿ.

ಟೊಮೇಟೊ ಸ್ವಪರಾಗಸ್ಪರ್ಶದ ಬೆಳೆ, ಅದಕ್ಕೆ ಜೇನು ಏಕೆ ಎಂದು ಕೇಳಬಹುದು. ನಿಜ, ಬಯಲಿನಲ್ಲಿ ಗಾಳಿ ಗಿಡವನ್ನು ಅಲುಗಿಸಿದರೂ ಸ್ವಲ್ಪ ಪರಾಗ ಅದೇ ಹೂವಿನ ಶಲಾಕಾಗ್ರದ ಮೇಲೆ ಬಿದ್ದು ಕಾಯಿ ಕಚ್ಚುತ್ತದೆ. ಆದರೆ ಪರಾಗ ಹೆಚ್ಚು ಬಿದ್ದಷ್ಟೂ ಬೀಜ ಹೆಚ್ಚು. ಬೀಜ ಹೆಚ್ಚಿದಷ್ಟೂ ಹಣ್ಣು ದಪ್ಪ, ದುಂಡು. ಗಾಳಿಯಾಡದ ಗಾಜುಮನೆಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಯೂರೋಪಿನ ಗಾಜುಮನೆ ಬೆಳೆಗಾರರು ಕೂಲಿಯವರ ಕೈಗೆ ವಿದ್ಯುತ್ ಕಂಪಕಗಳನ್ನು ಕೊಟ್ಟು ಹೂಗೊಂಚಲುಗಳನ್ನು ಒಂದೊಂದಾಗಿ ನಡುಗಿಸುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಲ್ಲಿ ಆ ಕೆಲಸಕ್ಕೆ ಬಂಬಲ್ ಎಂಬ ರೋಮಶ ಜೇನನ್ನು ಸಾಕಿ ಬಿಡುವ ಪದ್ಧತಿ ಬಂತು; ಇಂದು ಅದೊಂದು ದೊಡ್ಡ ಉದ್ಯಮ. ಬಂಬಲ್ ಜೇನು ಇಲ್ಲದ ಆಸ್ಟ್ರೇಲಿಯದ ಮುಖ್ಯ ಭೂಭಾಗದಲ್ಲಿ ನೀಲಿ ಪಟ್ಟೆಯ ಅಮೆಗಿಲ್ಲವನ್ನು ಈ ಕೆಲಸಕ್ಕೆ ಒಗ್ಗಿಸುವ ಅಧ್ಯಯನಗಳು ನಡೆದಿವೆ.

ನಮ್ಮ ಬಯಲುಸೀಮೆಯಲ್ಲೂ ಬಂಬಲ್ ಜೇನಿಲ್ಲ. ಇರುವುದು ಬಡಗಿ ದುಂಬಿ, ಅಮೆಗಿಲ್ಲ ಇತ್ಯಾದಿ. ಕೋಲಾರದ ಎಪಿಎಂಸಿ ಪ್ರಾಂಗಣ ಏಷ್ಯಾದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು. ಶ್ರೀನಿವಾಸಪುರದ ರೈತರಿಗೆ ಮಾವಿನ ನಂತರ ಕೈಗೆ ಕಾಸು ತರುವ ಬೆಳೆಗಳಲ್ಲಿ ಟೊಮೇಟೊ ಮುಖ್ಯ. ಆದರೆ ಟೊಮೇಟೊ ಹೂ ಬಿಡುವುದು ಕೆಲವು ವಾರ ಮಾತ್ರ. ಒಂದು ಹೊಲ ಮುಗಿದು ಇನ್ನೊಂದು ಹೂವಿಗೆ ಬರುವವರೆಗೆ ಈ ಜೇನುಗಳು ಮರಿಗಳಿಗೆ ಪರಾಗ ತರುವುದು ಎಲ್ಲಿಂದ? ಬದುವಿನಿಂದ, ಗೋಮಾಳದಿಂದ. ವರ್ಷದ ಬಹುಕಾಲ ಸ್ವಲ್ಪವಾದರೂ ಹೂ ಉಳಿಸಿಕೊಳ್ಳುವ ತಂಗಡಿಯಂಥ ಗಿಡದ ಬೆಲೆ ಇಲ್ಲಿದೆ. ಬದುವನ್ನು ‘ಶುಚಿ’ ಮಾಡಿಸಲು ಜೆಸಿಬಿ ತರಿಸುವಾಗ ಕೀಳುತ್ತಿರುವುದು ಬರಿ ಕಳೆಯಲ್ಲ. ಹೊಲದ ಹೂವಿಗೆ ಬರಬೇಕಾದವರ ಅನ್ನವನ್ನೂ ಕೀಳುತ್ತಿರುತ್ತೇವೆ. ಹೂ ಬಿಟ್ಟಿರುವ ಹೊತ್ತಿನಲ್ಲೇ ಬೆಳಿಗ್ಗೆ ಕೀಟನಾಶಕ ಸಿಂಪಡಿಸುವುದೂ ಇದೇ ಸಾಲಿಗೆ ಸೇರುತ್ತದೆ. ಜೇನು ಮನೆಗೆ ಮರಳಿದ ಸಂಜೆಯ ಹೊತ್ತು ಸಿಂಪಡಿಸುವುದಕ್ಕೆ ಹೆಚ್ಚಿನ ಖರ್ಚೇನಿಲ್ಲ.

ಬೇರಿನಲ್ಲಿ ಗಂಟಿಲ್ಲ

ದ್ವಿದಳ ಧಾನ್ಯಗಳ ಕುಟುಂಬದ ಸಸ್ಯಗಳ ಬೇರಿನಲ್ಲಿ ಗಂಟುಗಳಿದ್ದು, ಅವುಗಳಲ್ಲಿನ ಬ್ಯಾಕ್ಟೀರಿಯಗಳು ವಾಯುವಿನ ನೈಟ್ರೊಜನ್ನನ್ನು ಸ್ಥಿರೀಕರಿಸುತ್ತವೆ ಎಂದು ನಾವು ಪಾಠ ಮಾಡುತ್ತೇವೆ. ತಂಗಡಿಯೂ ಆ ಕುಟುಂಬದ್ದೇ. ಅದರ ಕಾಯಿ ನೋಡಿದರೇ ತಿಳಿಯುತ್ತದೆ. ಆದರೆ ಬೇರು ತೋಡಿ ನೋಡಿ. ಗಂಟು ಸಿಗುವುದಿಲ್ಲ. ಅವರೆ, ಕಡಲೆಕಾಯಿ ಗಿಡ ಕಿತ್ತು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಸೆನ್ನ, ಕ್ಯಾಸಿಯ ಕುಲಗಳಲ್ಲಿ ಬೇರುಗಂಟು ಇಲ್ಲ; ಅವುಗಳಿಂದ ಬೇರ್ಪಡಿಸಿದ ಕ್ಯಾಮಿಕ್ರಿಸ್ಟ ಕುಲದ ಬಹುತೇಕ ಸಸ್ಯಗಳಲ್ಲಿ ಇದೆ. 1982ರ ವಿಭಜನೆಗೆ ನೆಲದಡಿಯ ಸಾಕ್ಷಿಯೂ ಸಿಕ್ಕಂತಾಯಿತು.

2018ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಗಂಟು ಕಟ್ಟಲು ಅತ್ಯಗತ್ಯವಾದ ‘ಎನ್‌ಐಎನ್’ ಎಂಬ ಜೀನು ಗಂಟಿಲ್ಲದ ಹಲವು ಸಸ್ಯಗಳಲ್ಲಿ ನಷ್ಟವಾಗಿದೆ ಅಥವಾ ಹಾಳಾಗಿದೆ ಎಂದು ಅವು ತೋರಿಸಿದವು. ಅಂದರೆ ಪೂರ್ವಜರಲ್ಲಿದ್ದ ಸಾಮರ್ಥ್ಯವನ್ನು ಬೇರೆ ಬೇರೆ ಶಾಖೆಗಳು ಬೇರೆ ಬೇರೆ ಕಾಲದಲ್ಲಿ ಕಳೆದುಕೊಂಡಿರಬಹುದು. ಹಲವು ಶಾಖೆಗಳು ಅದನ್ನು ಎಂದೂ ಪಡೆದಿರಲೇ ಇಲ್ಲ ಎಂಬ ವಾದಕ್ಕೂ ಬೆಂಬಲಿಗರಿದ್ದಾರೆ.

ಹಾಗಾದರೆ ರೈತರು ತಂಗಡಿ ಸೊಪ್ಪನ್ನು ಕೆರೆ ಕೆಳಗಿನ ಭತ್ತದ ಗದ್ದೆಗೆ ತುಳಿಯುತ್ತಿದ್ದುದು ವ್ಯರ್ಥವೆ? ಅಲ್ಲ. ನೈಟ್ರೊಜನ್ನನ್ನು ಗಾಳಿಯಿಂದ ತಾನೇ ಹಿಡಿಯದಿದ್ದರೂ ಅದರ ಬೇರು ಆಳಕ್ಕಿಳಿದು ಮಣ್ಣಿನಲ್ಲಿರುವ ಪೋಷಕಗಳನ್ನು ಮೇಲೆತ್ತಿ ಎಲೆಯಲ್ಲಿ ಕೂಡಿಡುತ್ತದೆ. ಸೊಪ್ಪು ಕಡಿದು ಗದ್ದೆಗೆ ಹಾಕುವುದೆಂದರೆ ಗೋಮಾಳದ ಸತ್ತ್ವವನ್ನು ತರಿಯ ಭೂಮಿಗೆ ಸಾಗಿಸುವುದು. ಇದು ಸ್ಥಿರೀಕರಣವಲ್ಲ, ಸಾಗಣೆ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟಪಡಿಸುವುದು ಒಳ್ಳೆಯದು. ಏಕೆಂದರೆ ಸಾಗಿಸಿದ್ದು ಒಂದು ಕಡೆ ಹೆಚ್ಚಿದರೆ ಇನ್ನೊಂದು ಕಡೆ ಕಡಿಮೆಯಾಗಲೇಬೇಕು.

ತೊಗಟೆಯ ಕಥೆ

ಒಂದು ಕಾಲದಲ್ಲಿ ತಂಗಡಿಗೆ ಮಾರುಕಟ್ಟೆಯಿತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಚರ್ಮ ಹದಮಾಡುವ ಕ್ರಮವನ್ನು ಬರೆಯುವಾಗ ತಂಗಡಿ ತೊಗಟೆಯನ್ನು ಹೆಸರಿಸುತ್ತಾನೆ. ತೊಗಟೆಯಲ್ಲಿ ಸುಮಾರು ಶೇಕಡ 18ರಷ್ಟು ಟ್ಯಾನಿನ್ ಇದೆ. ಹಸಿ ಚರ್ಮ ಎಂದರೆ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಟ್ಯಾನಿನ್ ಅಣುಗಳಲ್ಲಿ ಹೈಡ್ರಾಕ್ಸಿಲ್ ಗುಂಪುಗಳು ಹೇರಳ. ಅವು ಹೈಡ್ರೊಜನ್ ಬಂಧಗಳ ಮೂಲಕ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತವೆ. ನಡುವಿನ ನೀರು ಹೊರಹೋಗುತ್ತದೆ, ಬ್ಯಾಕ್ಟೀರಿಯಗಳ ಎಂಜೈಮುಗಳಿಗೆ ಒಳನುಗ್ಗಲು ದಾರಿಯಿರುವುದಿಲ್ಲ, ಚರ್ಮ ಕೊಳೆಯುವುದಿಲ್ಲ. ತಂಗಡಿಯಿಂದ ಹದಮಾಡಿದ ಚರ್ಮ ಬೆಳಕಿಗೆ ಕೆಂಪೇರುತ್ತದೆ. ಅದನ್ನು ತಡೆಯಲು ಕೊನೆಯಲ್ಲಿ ಅಳಲೆಕಾಯಿಯ ರಸದಲ್ಲಿ ಅದ್ದುತ್ತಿದ್ದರು. ಇವೆರಡರ ಟ್ಯಾನಿನ್ ಬೇರೆ ಬೇರೆ ಬಗೆ. ಎರಡರ ಕಷಾಯಕ್ಕೂ ಒಂದೊಂದು ಹನಿ ಫೆರಿಕ್ ಕ್ಲೋರೈಡ್ ಹಾಕಿ ನೋಡಿ: ತಂಗಡಿಯಲ್ಲಿ ಹಸಿರುಗಪ್ಪು, ಅಳಲೆಯಲ್ಲಿ ನೀಲಿಗಪ್ಪು.

ಮದರಾಸಿನಿಂದ ವಿಲಾಯಿತಿಗೆ ಹೋಗುತ್ತಿದ್ದ ಹದಮಾಡಿದ ತೊಗಲಿನ ಹೆಸರುವಾಸಿ ವ್ಯಾಪಾರದ ಹಿಂದೆ ದಕ್ಷಿಣದ ಒಣನೆಲದಿಂದ ಗಾಡಿಗಟ್ಟಲೆ ಬರುತ್ತಿದ್ದ ಈ ತೊಗಟೆಯಿತ್ತು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ವ್ಯಾಟಲ್ ತೊಗಟೆ, ಟ್ಯಾನಿನ್ ಪ್ರಮಾಣ ಹೆಚ್ಚಿರುವ ಕಾರಣ, ಇದನ್ನು ಹಿಂದಕ್ಕೆ ತಳ್ಳಿತು. ಮತ್ತೊಂದು ಕಡೆಯಿಂದ ಕ್ರೋಮಿಯಂ ಲವಣ ಬಂತು. ವಾರಗಟ್ಟಲೆ ಹಿಡಿಯುತ್ತಿದ್ದ ಹದ ಒಂದೆರಡು ದಿನಕ್ಕೆ ಇಳಿಯಿತು. ಅದರ ಬೆಲೆಯನ್ನು ತೆತ್ತದ್ದು ಪಾಲಾರ್. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಹುಟ್ಟಿ ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ತೊಗಲು ಕಾರ್ಖಾನೆಗಳ ಮಗ್ಗುಲಲ್ಲಿ ಹಾಯುವ ನದಿ ಅದು. ಅಲ್ಲಿನ ಮಾಲಿನ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ಬಂದ ವೆಲ್ಲೂರು ನಾಗರಿಕರ ಪ್ರಕರಣದ ತೀರ್ಪು ನಮ್ಮ ಪರಿಸರ ಕಾನೂನಿನ ಮೈಲಿಗಲ್ಲು. ತೊಗಟೆಯ ಹದಕ್ಕೆ ಎಲ್ಲರೂ ಮರಳಬೇಕೆಂದಲ್ಲ. ಅದಕ್ಕೂ ನೀರು ಬೇಕು, ಅದರ ಕೊಳೆನೀರೂ ಕೊಳೆನೀರೇ. ಆದರೆ ಅದರಲ್ಲಿ ಕ್ರೋಮಿಯಂ ಇರಲಿಲ್ಲ.

ಹೂವಿನ ಕಷಾಯದ ಬಗ್ಗೆ ಒಂದು ಮಾತು. ಸಕ್ಕರೆ ಕಾಯಿಲೆಗೆ ಆವರಿಕೆ ಹೂ ರಾಮಬಾಣ ಎನ್ನುವವರು ಎಲ್ಲ ಊರಿನಲ್ಲಿ ಇದ್ದಾರೆ. ಹೂವಿನ ಸಾರ ಮಧುಮೇಹ ಉಂಟುಮಾಡಿದ ಇಲಿಗಳಲ್ಲಿ ರಕ್ತದ ಸಕ್ಕರೆಯನ್ನು ತಗ್ಗಿಸಿತೆಂದು ಅಣ್ಣಾಮಲೈ ವಿಶ್ವವಿದ್ಯಾನಿಲಯದ ಸಂಶೋಧಕರು 2002ರಲ್ಲಿ ವರದಿ ಮಾಡಿದ್ದು ನಿಜ. ಇಲಿಯ ಫಲಿತಾಂಶ ಮನುಷ್ಯನ ಚಿಕಿತ್ಸೆಯಲ್ಲ. ಶ್ರೀಲಂಕಾದಲ್ಲಿ ಇದೇ ಗಿಡದ ‘ರಣವರ’ ಚಹಾ ಜನಪ್ರಿಯ. ಅದು ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೀನ್ ಔಷಧದ ಪ್ರಮಾಣವನ್ನು ಇಲಿಗಳ ರಕ್ತದಲ್ಲಿ ಏರಿಸಿತೆಂದು 2004ರ ಒಂದು ಅಧ್ಯಯನ ಹೇಳಿದೆ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಹೂವಿನ ಕಷಾಯ ಕುಡಿಯುವುದು ಅಪಾಯ.

ದನ ಬಿಟ್ಟ ಗಿಡ

ತಂಗಡಿ ಗೋಮಾಳದಲ್ಲಿ ಉಳಿದಿರುವುದಕ್ಕೆ ಮುಖ್ಯ ಕಾರಣ ದನ ಕುರಿಗಳು ಅದಕ್ಕೆ ಬಾಯಿ ಹಾಕದಿರುವುದು. ಸುತ್ತಲಿನ ಹುಲ್ಲು, ಎಳೆ ಸಸಿಗಳನ್ನೆಲ್ಲ ಮೇಯ್ದು ಬೋಳಾದ ಜಾಗದಲ್ಲಿ ತಂಗಡಿ ಮಾತ್ರ ನಿಂತಿದ್ದರೆ, ಅಲ್ಲಿ ಮೇವಿನ ಒತ್ತಡ ಮಿತಿಮೀರಿದೆ ಎಂದು ಓದಬೇಕು. ಹೀಗೆ ಅದು ನೆಲದ ಸ್ಥಿತಿಯನ್ನು ಹೇಳುವ ಸೂಚಕ. ಜೊತೆಗೆ, ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಸದಾ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಬೋಳು ಇಳಿಜಾರಿನ ಕೆಂಪು ಮಣ್ಣನ್ನು ಹಿಡಿದಿಡುವ ಬೇರೂ ಅದರದೇ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬುಡಸಮೇತ ಅಗೆದರೆ ಮಾತ್ರ ಹೋಗುತ್ತದೆ.

1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರ ಜಿಲ್ಲೆಯ ಹೊಲ, ಗೋಮಾಳಗಳಿಗೆ ನೀಲಗಿರಿ ನುಗ್ಗಿದ್ದು, ಅದರ ಸುತ್ತ ನಡೆದ ವಾದವಿವಾದ ಹಿರಿಯ ಶಿಕ್ಷಕರಿಗೆ ನೆನಪಿರಬಹುದು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನೀಲಗಿರಿ ತೆಗೆದ ಜಾಗದಲ್ಲಿ ಏನು ಬರಬೇಕೆಂಬ ಪ್ರಶ್ನೆ ಬಂದಾಗಲೆಲ್ಲ ಮರಗಳ ಪಟ್ಟಿಯೇ ಸಿದ್ಧವಾಗುತ್ತದೆ. ಪೊದೆಗಿಡಗಳು ಪಟ್ಟಿಯಲ್ಲಿ ಇರುವುದು ಅಪರೂಪ. ನೆಟ್ಟ ಮರಗಳ ಎಣಿಕೆ ಸುಲಭ, ಪೊದೆಯ ಎಣಿಕೆ ಕಷ್ಟ. ಇದೇ ಕಾರಣವಿರಬಹುದೆಂದು ನನ್ನ ಗುಮಾನಿ.

ತಂಗಡಿ ಬೆಳೆಸಲು ನರ್ಸರಿ ಬೇಕಿಲ್ಲ. ಕಾಯಿ ಕಂದುಬಣ್ಣಕ್ಕೆ ತಿರುಗಿ ಒಣಗಿದಾಗ ಬೀಜ ಸಂಗ್ರಹಿಸಬಹುದು. ಸಿಪ್ಪೆ ಗಟ್ಟಿ, ನೀರು ಸುಲಭವಾಗಿ ಒಳಹೋಗದು. ಐವತ್ತು ಬೀಜಗಳನ್ನು ಹಾಗೆಯೇ, ಐವತ್ತನ್ನು ಮರಳುಕಾಗದದಲ್ಲಿ ಉಜ್ಜಿ, ಐವತ್ತನ್ನು ಕುದಿಸಿ ಇಳಿಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಬಿತ್ತಿದರೆ ಬೀಜದ ಸುಪ್ತಾವಸ್ಥೆಯ ಪಾಠ ಪ್ರಯೋಗವಾಗುತ್ತದೆ. ಮುಂಗಾರಿನ ಮೊದಲ ಹದಮಳೆಗೆ ಶಾಲೆಯ ಬೇಲಿಯುದ್ದಕ್ಕೂ ನೇರವಾಗಿ ಬಿತ್ತುವುದೂ ಆದೀತು.

ಗಿಡ ಬಂದರೆ ಸಾಲದು, ದುಂಬಿಗೆ ಮನೆ ಬೇಕು. ಬಡಗಿ ದುಂಬಿ ಒಣಮರದಲ್ಲಿ ದುಂಡನೆಯ ತೂತು ಕೊರೆದು ಮೊಟ್ಟೆಯಿಡುತ್ತದೆ. ಹೂ ಬಿಟ್ಟು ಒಣಗಿದ ಕತ್ತಾಳೆಯ ಕಂಬವೆಂದರೆ ಅದಕ್ಕೆ ಪ್ರೀತಿ. ಅಮೆಗಿಲ್ಲ ಗೂಡು ತೋಡುವುದು ಮಣ್ಣಿನಲ್ಲಿ, ಹಳೆಯ ಮಣ್ಣುಗೋಡೆಯ ಬಿರುಕುಗಳಲ್ಲಿ. ಬೇಲಿಯ ಕತ್ತಾಳೆ ಕಂಬವನ್ನು ಒಲೆಗೆ ಕಡಿಯುವ ಮೊದಲು ಅದರಲ್ಲಿ ಬೆರಳು ತೂರುವಷ್ಟು ಅಗಲದ ತೂತು ಇದೆಯೇ, ಅದರ ಕೆಳಗೆ ಹೊಸ ಮರದಪುಡಿ ಉದುರಿದೆಯೇ ಎಂದು ನೋಡಿ.